ಮೈಕ್ ಇಲ್ಲದ ಪಾರ್ಕಿನಲ್ಲಿ ಮೈಕ್ ಜಪ್ತಿ

ಕೊರೊನಾ ಕಳೆದು ಎರಡು ವರ್ಷವಾಗಿತ್ತು. ಆಗ ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ರೇಷ್ಮೆ ಊರಿನ ನಗರಸಭೆಯಲ್ಲಿ ಹಿರಿಯ ಆರೋಗ್ಯ ನಿರೀಕ್ಷಕಿ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿಯಿತ್ತು. ಊರಿನ ಹೆಸರು ಹೇಳುವುದಿಲ್ಲ. ಶಿಡ್ಲಘಟ್ಟದವರು ಇದು ಚಿಂತಾಮಣಿ ಅಂದುಕೊಳ್ಳಲಿ, ಚಿಂತಾಮಣಿಯವರು ಶಿಡ್ಲಘಟ್ಟ ಅಂದುಕೊಳ್ಳಲಿ, ನನಗೇನೂ ಬೇಜಾರಿಲ್ಲ. ಅಲ್ಲಿ ನಡೆದ ಅನ್ಯಾಯ ಶುರುವಾದದ್ದು ನನ್ನ ಕೈಬರಹದಿಂದ. ಹಾಗಾಗಿ ಊರಿನ ಹೆಸರು ಕೆಡಿಸುವ ಬದಲು ನನ್ನದನ್ನೇ ಕೆಡಿಸಿಕೊಳ್ಳುತ್ತೇನೆ.

ಹೆಲ್ತ್ ಇನ್‌ಸ್ಪೆಕ್ಟರ್ ಅಂದರೆ ಡಾಕ್ಟರ ಕೈಕೆಳಗಿನ ಯಾವುದೋ ಹುದ್ದೆ ಎಂದು ಜನ ತಿಳಿದಿರುತ್ತಾರೆ. ಅಲ್ಲ. ಕಸ, ಚರಂಡಿ, ಸೊಳ್ಳೆ, ಹೋಟೆಲಿನ ಅಡುಗೆಮನೆ, ಅಂಗಡಿ ಕಾರ್ಖಾನೆಗಳಿಗೆ ಕೊಡುವ ಉದ್ದಿಮೆ ಪರವಾನಗಿ, ಹೀಗೆ ಊರಲ್ಲಿ ಯಾರಿಗೂ ಬೇಡವಾದದ್ದೆಲ್ಲ ನಮ್ಮ ಪಾಲು. ಸದ್ದಿನ ದೂರು ನಿಜವಾಗಿ ಪೊಲೀಸರಿಗೋ ಮಾಲಿನ್ಯ ನಿಯಂತ್ರಣದವರಿಗೋ ಹೋಗಬೇಕು. ಆದರೆ ಪಾರ್ಕು ನಗರಸಭೆಯದು, ಅರ್ಜಿಯಲ್ಲಿ 'ಪಬ್ಲಿಕ್ ನ್ಯೂಸೆನ್ಸ್' ಎಂಬ ಎರಡು ಪದ ಇದ್ದರೆ ಸಾಕು, ಟಪಾಲು ವಿಭಾಗದವರು ಕಣ್ಣು ಮುಚ್ಚಿ ಅದನ್ನು ಆರೋಗ್ಯ ಶಾಖೆಯ ಟ್ರೇಗೆ ಹಾಕುತ್ತಿದ್ದರು.

ಆ ಅರ್ಜಿ ಬಂದದ್ದು ಡೆಂಗ್ಯೂ ಸೀಸನ್ನಿನಲ್ಲಿ. ಊರಿನ ಹೊಸ ಬಡಾವಣೆಯ ನಿವಾಸಿಗಳ ಸಂಘ ಬರೆದಿತ್ತು: 'ಪ್ರತಿದಿನ ಸಂಜೆ ಐದೂಕಾಲರಿಂದ ಆರೂವರೆಯವರೆಗೆ ಬಡಾವಣೆಯ ಉದ್ಯಾನವನದಲ್ಲಿ ಕೆಲವು ಮಹಿಳೆಯರು ಧ್ವನಿವರ್ಧಕ ಬಳಸಿ ಕರ್ಕಶವಾಗಿ ಹಾಡುತ್ತಿದ್ದು, ಹಿರಿಯ ನಾಗರಿಕರಿಗೂ ವಿದ್ಯಾರ್ಥಿಗಳಿಗೂ ತೀವ್ರ ತೊಂದರೆಯಾಗುತ್ತಿದೆ.' ಕೆಳಗೆ ನಲವತ್ತೊಂದು ಸಹಿ. ಮೊದಲನೆಯದು ಸಂಘದ ಅಧ್ಯಕ್ಷ ಜಯರಾಮಣ್ಣನವರದು, ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು. ಎರಡನೆಯದು ನಿವೃತ್ತ ಹೈಸ್ಕೂಲು ಮೇಷ್ಟ್ರು ರಂಗನಾಥಯ್ಯನವರದು. ಅವರಿಗೆ ಹೃದಯದ ಆಪರೇಷನ್ ಆಗಿದೆಯೆಂದು ಪಕ್ಕದಲ್ಲೇ ಬರೆದಿತ್ತು.

ನಾನು ಏನು ಮಾಡಿದೆ ಅಂದರೆ, ಏನೂ ಮಾಡಲಿಲ್ಲ. ಆ ವಾರ ಎಂಟು ವಾರ್ಡಿನಲ್ಲಿ ಸೊಳ್ಳೆ ಹೊಗೆ ಹೊಡೆಸುವ ಕೆಲಸ ತಲೆಯ ಮೇಲಿತ್ತು. ಪಾರ್ಕಿಗೆ ಹೋಗಲು ಪುರಸೊತ್ತಾಗಲಿಲ್ಲ. ಮೂರನೆಯ ದಿನ ಪೌರಾಯುಕ್ತರು ಕಡತ ಕೇಳಿದರು. ಕುರ್ಚಿಯಲ್ಲಿ ಕೂತೇ ಬರೆದೆ: 'ಸ್ಥಳ ಪರಿಶೀಲಿಸಲಾಗಿ, ದೂರಿನಲ್ಲಿರುವ ಅಂಶಗಳು ಸತ್ಯವೆಂದು ಕಂಡುಬಂದಿರುತ್ತದೆ. ಧ್ವನಿವರ್ಧಕವನ್ನು ವಶಪಡಿಸಿಕೊಂಡು, ಉದ್ಯಾನವನದಲ್ಲಿ ಹಾಡುವುದನ್ನು ನಿಷೇಧಿಸಬಹುದು.'

'ಸ್ಥಳ ಪರಿಶೀಲಿಸಲಾಗಿ' ಎಂಬುದು ನಮ್ಮ ಕಚೇರಿಗಳಲ್ಲಿ ಪತ್ರದ ಮೇಲೆ 'ಮಾನ್ಯರೇ' ಎಂದು ಬರೆಯುವ ಹಾಗೆ. ಕೈ ತಾನಾಗಿ ಬರೆಯುತ್ತದೆ. ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಎಷ್ಟು ಸಲ ಹಾಗೆ ಬರೆದಿದ್ದೆನೋ, ಅದರಲ್ಲಿ ಎಷ್ಟು ಸಲ ನಿಜಕ್ಕೂ ಹೋಗಿದ್ದೆನೋ, ಲೆಕ್ಕ ಹಾಕಲು ನನಗೀಗ ಧೈರ್ಯವಿಲ್ಲ. ಎರಡೇ ದಿನದಲ್ಲಿ ಆದೇಶಕ್ಕೆ ಸಹಿಯಾಯಿತು. ಬೋರ್ಡು ಬರೆಯುವವನಿಗೂ ಹೇಳಿದ್ದಾಯಿತು. ಡೆಂಗ್ಯೂ ಬಂದ ಮನೆಯ ಮುಂದಿನ ಚರಂಡಿಯ ಹೂಳು ಎತ್ತಿಸಿ ಎಂದರೆ ಹದಿನೈದು ದಿನ ತೆಗೆದುಕೊಳ್ಳುವ ಕಚೇರಿ, ಹಾಡು ನಿಲ್ಲಿಸಲು ಎರಡು ದಿನ ಸಾಕಾಗಿತ್ತು.

ಮರುದಿನ ಸಂಜೆ ಮೈಕ್ ಜಪ್ತಿಗೆ ಹೊರಟೆ. ಸೆಟ್ಟು, ಬಾಕ್ಸು, ಆಂಪ್ಲಿಫೈಯರ್ ಹೊರಲು ಬೇಕೆಂದು ಕಸದ ಆಟೋ ತೆಗೆದುಕೊಂಡು, ಇಬ್ಬರು ಪೌರಕಾರ್ಮಿಕರನ್ನು ಹತ್ತಿಸಿಕೊಂಡೆ. ನಮ್ಮ ಕಸದ ಆಟೋದ ತಲೆಯ ಮೇಲೆ ಒಂದು ಕಹಳೆ ಇರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಹಾಡುತ್ತಾ ಹೋಗುತ್ತದೆ. ಡ್ರೈವರ್ ಅಭ್ಯಾಸಬಲದಿಂದ ಅದನ್ನು ಹಾಕಿದ, ನಾನೂ ಆರಿಸು ಎನ್ನಲಿಲ್ಲ. ಬಡಾವಣೆಯ ಎರಡು ಅಡ್ಡರಸ್ತೆ ನಡುಗಿಸಿಕೊಂಡು ಪಾರ್ಕಿನ ಗೇಟಿನ ಮುಂದೆ ನಿಂತೆವು. ಆ ಸಂಜೆ ಆ ಜಾಗದಲ್ಲಿದ್ದ ಒಂದೇ ಒಂದು ಧ್ವನಿವರ್ಧಕ ಅದು. ನಮ್ಮದು.

ಒಳಗೆ ಹೊಂಗೆ ಮರದ ಕೆಳಗೆ ಹನ್ನೊಂದು ಹೆಂಗಸರು ಕೂತಿದ್ದರು. ಕೂತ ರೀತಿಯೇ ವಿಚಿತ್ರವಾಗಿತ್ತು. ಸಾಮಾನ್ಯವಾಗಿ ಭಜನೆಗೆ ಕೂತವರು ಎದುರಿಗೆ ಜನ ಇದ್ದ ಹಾಗೆ ಸಾಲಾಗಿ ಕೂರುತ್ತಾರೆ. ಇವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಬಿಗಿಯಾಗಿ ವೃತ್ತ ಕಟ್ಟಿದ್ದರು, ಹೊರಗಿನ ಲೋಕಕ್ಕೆಲ್ಲ ಬೆನ್ನು. ಒಬ್ಬರ ಬಾಯನ್ನು ಒಬ್ಬರು ನೋಡುತ್ತಾ ಗಂಟಲು ಬಿಟ್ಟು ತತ್ವಪದ ಹೇಳುತ್ತಿದ್ದರು. ಒಂದು ಜೊತೆ ತಾಳ. ಚಿಕ್ಕ ವಯಸ್ಸಿನವಳೊಬ್ಬಳು, ಶಬಾನಾ ಅಂತ, ಟಿಫಿನ್ ಬಾಕ್ಸಿನ ಮುಚ್ಚಳ ಬಡಿಯುತ್ತಿದ್ದಳು. ದನಿ ದೊಡ್ಡದೇ, ಸುಳ್ಳು ಹೇಳುವುದಿಲ್ಲ. ಶ್ರುತಿಯ ಗೊಡವೆಗೂ ಯಾರೂ ಹೋದಂತಿರಲಿಲ್ಲ.

'ನಿಲ್ಸಿ' ಎಂದೆ. ನಿಲ್ಲಲಿಲ್ಲ. ಇನ್ನೊಮ್ಮೆ ಕೂಗಿದೆ. ಒಬ್ಬಳೂ ತಿರುಗಲಿಲ್ಲ. ನನಗೆ ಸಿಟ್ಟು ಬೇಗ, ಇಡೀ ಇಲಾಖೆಗೆ ಗೊತ್ತು. ವೃತ್ತದೊಳಕ್ಕೇ ನುಗ್ಗಿ ನಿಂತೆ. ನಡುವಯಸ್ಸಿನ ಹೆಂಗಸೊಬ್ಬಳು ನನ್ನ ಐಡಿ ಕಾರ್ಡು ನೋಡಿ, ಅಂಗೈಯನ್ನು ನೆಲದ ಕಡೆ ಒತ್ತಿದ ಹಾಗೆ ಕೆಳಗಿಳಿಸಿದಳು. ಹನ್ನೊಂದು ಬಾಯಿಯೂ ಒಟ್ಟಿಗೆ ಮುಚ್ಚಿದವು.

'ಮೈಕ್ ಎಲ್ಲಿ?' ಎಂದೆ.

'ಯಾವ ಮೈಕು ಮೇಡಂ?'

'ಆಟ ಆಡ್ಬೇಡಿ. ಎಲ್ಲಿ ಬಚ್ಚಿಟ್ಟಿದ್ದೀರಿ, ತೆಗೀರಿ.'

ಅವಳು ಪಕ್ಕದಲ್ಲಿದ್ದ ಬ್ಯಾಗಿನ ಜಿಪ್ಪು ಎಳೆದು ನನ್ನ ಮುಂದೆ ಹಿಡಿದಳು. ಖಾಲಿ ಊಟದ ಡಬ್ಬಿ, ನೀರಿನ ಬಾಟಲಿ, ಪೇಪರಿನಲ್ಲಿ ಕಟ್ಟಿದ ಕಡಲೆಪುರಿ. ನನ್ನ ಕಾರ್ಮಿಕರು ಬೆಂಚುಗಳ ಕೆಳಗೆ, ಪೊದೆಗಳ ಹಿಂದೆ, ನೀರಿನ ಸಂಪಿನ ಮುಚ್ಚಳ ಎತ್ತಿ ಕೂಡ ನೋಡಿದರು. ಮೈಕ್ ಇಲ್ಲ, ವೈರಿಲ್ಲ, ಬ್ಯಾಟರಿ ಇಲ್ಲ. ನಾನೇ 'ಸತ್ಯವೆಂದು ಕಂಡುಬಂದಿರುತ್ತದೆ' ಎಂದು ಬರೆದ ವಸ್ತು ಲೋಕದಲ್ಲೇ ಇರಲಿಲ್ಲ.

ಮುಖಭಂಗವಾದಾಗ ಮನುಷ್ಯ ಸುಮ್ಮನಾಗಬೇಕು. ನಾನು ಆಗಲಿಲ್ಲ. 'ಮೈಕ್ ಇಲ್ದೇ ಇಷ್ಟು ಜೋರಾ? ಸುತ್ತ ಮನೆಗಳಿವೆ. ಮೆಲ್ಲಗೆ ಹಾಡೋಕೆ ಏನು ರೋಗ?' ಎಂದು ರೇಗಿದೆ.

'ಮೆಲ್ಲಗೆ ಹಾಡಿದ್ರೆ ನಮ್ಗೇ ಕೇಳ್ಸಲ್ಲ ಮೇಡಂ' ಎಂದಳು ಅವಳು.

ಉದ್ಧಟತನದ ಮಾತು ಎಂದೇ ತಿಳಿದೆ. ಕಾರ್ಮಿಕರ ಕಡೆ ತಿರುಗಿ, ನಾಳೆ ಬೆಳಗ್ಗೆ ಬೋರ್ಡು ಹಾಕಿಸಿ, ಆಮೇಲೂ ಹಾಡಿದರೆ ಪೊಲೀಸರಿಗೆ ಹೇಳುತ್ತೇನೆ ಎಂದೆ. ಹಿಂದಿನಿಂದ ಒಬ್ಬಳು 'ಏಮಂಟಾ ಉಂದೇ?', ಏನಂತಿದ್ದಾಳೆ ಇವಳು, ಎಂದು ಪಕ್ಕದವಳನ್ನು ತೆಲುಗಿನಲ್ಲಿ ಕೇಳಿದಳು. ಪಕ್ಕದವಳು ಗೊತ್ತಿಲ್ಲವೆಂದು ಕೈಯಾಡಿಸಿದಳು. ನಾನು ನಿಂತಿದ್ದದ್ದು ಅವರಿಂದ ಮೂರು ಅಡಿ ದೂರದಲ್ಲಿ. ಬ್ಯಾಗಿನ ಹೆಂಗಸು ಬಂದು ನನ್ನ ತೋಳು ಮುಟ್ಟಿ, ತುಂಬ ಮರ್ಯಾದೆಯಿಂದ, 'ಸ್ವಲ್ಪ ಈ ಕಡೆ ತಿರುಗಿ ಹೇಳಿ ಮೇಡಂ, ಬಾಯಿ ಕಂಡ್ರೆ ಗೊತ್ತಾಗುತ್ತೆ' ಎಂದಳು.

ಅವಳ ಹೆಸರು ವೆಂಕಟಲಕ್ಷ್ಮಮ್ಮ. ಬೆಂಚಿನ ಮೇಲೆ ಕೂರಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಹನ್ನೊಂದು ಜನವೂ ಟ್ವಿಸ್ಟಿಂಗ್ ಕೆಲಸದವರು. ಗೂಡಿನಿಂದ ಬಿಚ್ಚಿದ ರೇಷ್ಮೆ ನೂಲು ಹಾಗೇ ಮಗ್ಗಕ್ಕೆ ಹೋಗುವುದಿಲ್ಲ. ಎಳೆಗಳನ್ನು ಜೋಡಿಸಿ ಹುರಿ ಹಾಕಬೇಕು. ಅದಕ್ಕೆ ಸಾಲುಸಾಲು ಕದಿರು ಗಿರಗಿರನೆ ಸುತ್ತುವ ಮಿಷನ್ನುಗಳಿವೆ. ಎಳೆ ಕಡಿದಲ್ಲೆಲ್ಲ ಓಡಿ ಗಂಟು ಹಾಕುವುದು ಇವರ ಕೆಲಸ. ವೆಂಕಟಲಕ್ಷ್ಮಮ್ಮ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಾಳೆ. ಐದಕ್ಕೆ ಬೇರೆ ಶಿಫ್ಟಿನವರು ಮಿಷನ್ನಿಗೆ ಬಂದರೆ ಇವರಿಗೆ ಬಿಡುವು, ಅವರ ಹಳ್ಳಿಗಳ ಕಡೆಯ ಬಸ್ಸು ಆರೂ ಮುಕ್ಕಾಲಿಗೆ. ನಡುವಿನ ಹೊತ್ತನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಳೆಯುವ ಬದಲು ಈ ಮರದ ಕೆಳಗೆ ಕಳೆಯುತ್ತಿದ್ದರು.

'ಮನೆಗೆ ಹೋದ್ರೆ ಒಲೆ, ನೀರು, ಮಕ್ಳು. ಬೆಳಗ್ಗೆ ಆದ್ರೆ ಮಿಷನ್ನು. ಇದೊಂದು ಗಂಟೆ ನಮ್ದು ಅಂತ ಇರೋದು. ಇದನ್ನ ಮಾತ್ರ ಬಿಟ್ಬಿಡಿ ಮೇಡಂ, ಬೇರೇನೂ ಕೇಳಲ್ಲ' ಎಂದಳು.

ಬಿಡಲು ನನ್ನ ಕೈಯಲ್ಲಿ ಏನಿತ್ತು? ಆದೇಶ ಹೊರಟಾಗಿತ್ತು. ಮರುದಿನ ಹೊತ್ತಿಗೆ ಹಳದಿ ಬಣ್ಣದ ಬೋರ್ಡು ಗೇಟಿನಲ್ಲಿ ನಿಂತಿತು: 'ಉದ್ಯಾನವನದಲ್ಲಿ ಹಾಡುವುದನ್ನು ನಿಷೇಧಿಸಲಾಗಿದೆ. ಉಲ್ಲಂಘಿಸಿದವರ ಮೇಲೆ ಕ್ರಮ.' ಹೂ ಕೀಳಬಾರದು, ನಾಯಿ ತರಬಾರದು ಎಂಬುದರ ಕೆಳಗೆ ಅದೂ ಸೇರಿತು.

ಅದೇ ದಿನ ನಾನು ಆ ಟ್ವಿಸ್ಟಿಂಗ್ ಯೂನಿಟ್ಟಿಗೆ ಹೋದೆ. ಉದ್ದಿಮೆ ಪರವಾನಗಿ ಕೊಡುವವರು ನಾವು, ಒಳಗೆ ಹೋಗಿ ನೋಡುವ ಅಧಿಕಾರವಿದೆ. ವಿಳಾಸ ಬಡಾವಣೆಯ ಹಿಂದಿನ ಗಲ್ಲಿ, ಪಾರ್ಕಿಗೆ ನೂರು ಹೆಜ್ಜೆಯೂ ಇಲ್ಲ. ಪರವಾನಗಿ ರಿಜಿಸ್ಟರಿನಲ್ಲಿ ಮಾಲೀಕರ ಹೆಸರು ಓದಿ, ತಪ್ಪು ಓದಿದೆನೋ ಎಂದು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ಜಯರಾಮಣ್ಣ. ಅರ್ಜಿಯ ಮೊದಲ ಸಹಿ, ಕೆಳಗೆ ಎರಡು ಗೆರೆ.

ಬಾಗಿಲು ತೆಗೆದಾಗ ಸದ್ದು ಎದೆಗೆ ಹೊಡೆಯಿತು. ಒಳಗೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಲ್ಲು ಜುಮುಗುಡತೊಡಗಿತು. ನಾನು ಜೊತೆಗೆ ಬಂದಿದ್ದ ನಮ್ಮ ಶಾಖೆಯ ಗುಮಾಸ್ತರಿಗೆ ಏನೋ ಹೇಳಿದೆ. ಹೇಳಿದ್ದು ನನಗೇ ಕೇಳಲಿಲ್ಲ. ಅಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಎರಡು ಬೆರಳು ಅಗಲಿಸಿದರೆ ಎಳೆ ಕಡಿದಿದೆ ಎಂದು. ಹೊಸೆದರೆ ಸೇರಿಸು ಎಂದು. ಅಂಗೈ ನೆಲದ ಕಡೆ ಒತ್ತಿದರೆ ಮಿಷನ್ ನಿಲ್ಲಿಸು ಎಂದು. ಪಾರ್ಕಿನಲ್ಲಿ ಹಾಡು ನಿಂತದ್ದು ಇದೇ ಸನ್ನೆಯಿಂದ. ಅವರು ವೃತ್ತವಾಗಿ ಕೂತು ಒಬ್ಬರ ಬಾಯಿ ಒಬ್ಬರು ನೋಡುತ್ತಿದ್ದದ್ದು ಯಾಕೆಂದು ಆಗ ಸರಿಯಾಗಿ ಅರ್ಥವಾಯಿತು. ಈ ಕೋಣೆಯಲ್ಲಿ ಕಿವಿ ಕಳೆದುಕೊಂಡವರು ಹೊರಗೆ ಹೋಗಿ ಕಣ್ಣಿನಿಂದ ಹಾಡುತ್ತಿದ್ದರು.

ಜಯರಾಮಣ್ಣ ಹಿಂದಿನ ಆಫೀಸು ರೂಮಿನಲ್ಲಿ ಕಾಫಿ ತರಿಸಿದರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ, ಇದನ್ನೂ ಹೇಳಬೇಕು. ನಗುಮುಖ, ಹಣೆಯಲ್ಲಿ ಕುಂಕುಮ.

'ಕೆಲಸದವರ ಕಿವಿಗೆ ಏನಾದ್ರೂ ಕೊಟ್ಟಿದ್ದೀರಾ?' ಎಂದೆ.

'ಬೇಕಾದೋರು ಹತ್ತಿ ಇಟ್ಕೋತಾರೆ ಮೇಡಂ. ಎಲ್ಲರಿಗೂ ಅಭ್ಯಾಸ ಆಗೋಗಿದೆ.'

'ಪಾರ್ಕಲ್ಲಿ ಹಾಡೋರು ನಿಮ್ಮ ಕೆಲಸದವರೇ ಅಂತ ಗೊತ್ತಿತ್ತಾ?'

'ಗೊತ್ತಿಲ್ದೇ ಏನು. ಎಷ್ಟು ಸಲ ಹೇಳಿದೀನಿ, ಕೇಳಲ್ಲ.'

ಮೈಕ್ ಇಲ್ಲವಲ್ಲ ಎಂದೆ. ಅಷ್ಟು ಜೋರಾಗಿದೆ, ಅದಕ್ಕೇ ಹಾಗೆ ಬರೆಸಿದೆವು ಎಂದರು. ಹಾಗಾದರೆ ಈ ಮಿಷನ್ನಿನ ಸದ್ದು ಬಡಾವಣೆಗೆ ಕೇಳುವುದಿಲ್ಲವೇ ಎಂದು ಕೇಳಿದೆ. ಅವರು ನಿಜಕ್ಕೂ ಆಶ್ಚರ್ಯಪಟ್ಟರು. 'ಅದು ಕೆಲಸದ ಸದ್ದು ಮೇಡಂ. ಇದು ಸುಮ್ನೆ ಗಲಾಟೆ.'

ಕಾಫಿ ಅರ್ಧಕ್ಕೇ ಇಟ್ಟು ಎದ್ದೆ. ಒಬ್ಬರ ಕಿವಿಯನ್ನು ಇಪ್ಪತ್ತೆರಡು ವರ್ಷ ಅರೆದು ಅರೆದು ಕಿವುಡು ಮಾಡುವುದು, ಆಮೇಲೆ ಅವರು ಜೋರಾಗಿ ಹಾಡುತ್ತಾರೆಂದು ಸರ್ಕಾರಕ್ಕೆ ಅರ್ಜಿ ಬರೆಯುವುದು. ಆ ಅರ್ಜಿಗೆ 'ಸತ್ಯ' ಎಂದು ಮೊಹರು ಒತ್ತಲು ನನ್ನಂಥವಳೊಬ್ಬಳು ಸಂಬಳ ತೆಗೆದುಕೊಂಡು ಕೂತಿರುವುದು. ಯಾರ ಮೇಲೆ ಹೆಚ್ಚು ಸಿಟ್ಟು ಬಂತೆಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಸಂಜೆ ಪಾರ್ಕಿಗೆ ಹೋದೆ. ಹನ್ನೊಂದು ಜನವೂ ಬಂದಿದ್ದರು. ಅದೇ ವೃತ್ತ. ಬೋರ್ಡಿಗೆ ಮರ್ಯಾದೆ ಕೊಟ್ಟು ದನಿ ತೆಗೆದಿರಲಿಲ್ಲ. ಬಾಯಿ ಮಾತ್ರ ಆಡುತ್ತಿತ್ತು, ಶಬಾನಾ ಮುಚ್ಚಳದ ಮೇಲೆ ಬೆರಳು ತಾಗಿಸದೆ ತಾಳ ಹಾಕುತ್ತಿದ್ದಳು. ನಾನು ಗೇಟಿನಿಂದಲೇ ವಾಪಸಾದೆ.

ಪೌರಾಯುಕ್ತರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಬುದ್ಧಿವಂತರು. ಆದೇಶ ವಾಪಸು ತೆಗೆದುಕೊಳ್ಳಿ ಎಂದೆ.

'ಕಾರಣ ಬೇಕಲ್ವಾ ಮೇಡಂ? ನಿಮ್ಮ ರಿಪೋರ್ಟೇ ಆಧಾರ.'

'ರಿಪೋರ್ಟು ಸುಳ್ಳು ಸಾರ್. ನಾನು ಸ್ಥಳಕ್ಕೆ ಹೋಗಿರಲಿಲ್ಲ.'

ಅವರು ಪೆನ್ನು ಕೆಳಗಿಟ್ಟರು. 'ಹಾಗಂತ ಬರೆದು ಕೊಡ್ತೀರಾ?'

ಯೋಚಿಸಿ ಹೇಳುತ್ತೇನೆಂದು ಬಂದೆ. ಬರೆದು ಕೊಟ್ಟರೆ ನೋಟಿಸು ಬರುತ್ತದೆ, ಇಲಾಖಾ ವಿಚಾರಣೆಯೂ ಆಗಬಹುದು. ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಊಟ ನಿಲ್ಲಿಸಿದರು. ಅವರೂ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 'ಇನ್ನು ಹದಿನಾಲ್ಕು ತಿಂಗಳು. ಕಣ್ಣು ಮುಚ್ಕೊಂಡು ಕಳೆಯೋಕೆ ಆಗಲ್ವೇನೇ ನಿಂಗೆ?' ಎಂದರು.

'ಕಣ್ಣು ಮುಚ್ಕೊಂಡಿದ್ದಕ್ಕೇ ರೀ ಇಷ್ಟೆಲ್ಲ ಆಗಿದ್ದು' ಎಂದೆ.

ಮರುದಿನ ಬರೆದು ಕೊಟ್ಟೆ. ನಾಲ್ಕೇ ಸಾಲು. ಸ್ಥಳ ಪರಿಶೀಲಿಸಿರಲಿಲ್ಲ, ಧ್ವನಿವರ್ಧಕ ಇರಲಿಲ್ಲ, ನನ್ನ ವರದಿ ತಪ್ಪು, ಸದ್ದನ್ನು ಉಪಕರಣದಿಂದ ಅಳೆಸಬೇಕು. ಕಾರಣ ಕೇಳುವ ನೋಟಿಸು ಸಂಜೆಯೊಳಗೇ ನನ್ನ ಮೇಜಿಗೆ ಬಂತು. ಆ ಕಾಗದ ಓಡಾಡಿದ ವೇಗವನ್ನೂ ನಾನು ಮರೆತಿಲ್ಲ.

ಅಳತೆಗೆ ಜಿಲ್ಲಾ ಕೇಂದ್ರದಿಂದ ಒಬ್ಬ ಪರಿಸರ ಅಧಿಕಾರಿ ಸೌಂಡ್ ಲೆವೆಲ್ ಮೀಟರ್ ತಂದರು. ಅಂಗೈಯಗಲದ ಯಂತ್ರ, ತುದಿಯಲ್ಲಿ ಸ್ಪಂಜಿನ ಗುಂಡು. ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ತೋರಿಸುತ್ತದೆ. ಜನವಸತಿಯಲ್ಲಿ ಹಗಲು ೫೫ ಡೆಸಿಬಲ್ ಮೀರಬಾರದೆಂದು ನಿಯಮ. ದಿನ ನಿಗದಿ ಮಾಡುವ ಕೆಲಸ ನನಗೆ ಬಿತ್ತು. ನಾನು ಗುರುವಾರ ಸಂಜೆ ಎಂದೆ. ಯಾಕೆ ಗುರುವಾರ ಎಂದು ಯಾರೂ ಕೇಳಲಿಲ್ಲ. ಆ ಗುರುವಾರ ಸಂಜೆ ಆರಕ್ಕೆ ಲೈನು ರಿಪೇರಿಗೆಂದು ಆ ಬೀದಿಗಳ ಕರೆಂಟು ತೆಗೆಯುತ್ತಾರೆಂದು ಲೈನ್‌ಮನ್ ಹೇಳಿದ್ದ, ಅದು ನನಗೊಬ್ಬಳಿಗೆ ಗೊತ್ತಿತ್ತು. ಮೂವತ್ತೆರಡು ವರ್ಷ ನಗರಸಭೆಯಲ್ಲಿದ್ದು ಅಷ್ಟೂ ಕಲಿಯದಿದ್ದರೆ ಹೇಗೆ?

ಮೊದಲು ಟ್ವಿಸ್ಟಿಂಗ್ ಯೂನಿಟ್ಟಿನೊಳಗೆ ಅಳೆದರು: ೯೪. ಎಂಟು ಗಂಟೆ ದುಡಿಯುವ ಜಾಗದಲ್ಲಿ ೯೦ ದಾಟಬಾರದು ಎಂದು ಅಧಿಕಾರಿ ಹೇಳಿದರು. ಜಯರಾಮಣ್ಣ ಅದಕ್ಕೂ ಪಾರ್ಕಿಗೂ ಸಂಬಂಧವಿಲ್ಲ ಎಂದರು. ಅಲ್ಲಿಂದ ರಂಗನಾಥಯ್ಯ ಮೇಷ್ಟ್ರ ಮನೆಯ ಜಗುಲಿಗೆ ಬಂದೆವು. ಪಾರ್ಕಿಗೆ ತೀರ ಹತ್ತಿರದ ಮನೆ ಅದು. ಸಂಘದ ಏಳೆಂಟು ಜನ ಗೇಟಿನ ಬಳಿ ನಿಂತಿದ್ದರು. ಆ ಒಂದು ಸಂಜೆಗೆ ಹಾಡಲು ಹೆಂಗಸರಿಗೆ ಅನುಮತಿ ಇತ್ತು.

ಐದೂ ಮುಕ್ಕಾಲಿಗೆ ಹಾಡು ಶುರುವಾಯಿತು. ಮೀಟರ್ ೫೮ ತೋರಿಸಿತು. ಜಯರಾಮಣ್ಣ ಎಲ್ಲರ ಮುಖ ನೋಡಿದರು, 'ನಾನು ಹೇಳಲಿಲ್ವಾ' ಎಂಬ ಹಾಗೆ. ನಿಯಮ ಅಂದರೆ ನಿಯಮ, ಮೂರು ಹೆಚ್ಚಾದರೂ ಹೆಚ್ಚೇ. ಹಾಡು ನಿಲ್ಲಿಸಿ ನೋಡೋಣ ಎಂದು ಅಧಿಕಾರಿ ಕೈ ತೋರಿಸಿದರು. ವೆಂಕಟಲಕ್ಷ್ಮಮ್ಮನ ಅಂಗೈ ಕೆಳಗಿಳಿಯಿತು. ಮೀಟರ್ ೫೭ಕ್ಕೆ ಬಂದು ನಿಂತಿತು.

ಅಧಿಕಾರಿ ಯಂತ್ರ ತಟ್ಟಿ ನೋಡಿ ಇನ್ನೊಮ್ಮೆ ಓದಿದರು. ೫೭. ಯಾರೂ ಹಾಡುತ್ತಿಲ್ಲ, ಆದರೂ ಮಿತಿ ಮೀರಿದೆ. 'ಇದು ಹಿನ್ನೆಲೆ ಸದ್ದು. ಇವರು ಹಾಡಿದ್ರೂ ಹಾಡದೇ ಇದ್ರೂ ಈ ಜಗುಲಿಗೆ ಇಷ್ಟು ಬಂದೇ ಬರುತ್ತೆ' ಎಂದರು. ಎಲ್ಲಿಂದ ಎಂದು ಸಂಘದವರು ಯಾರೋ ಕೇಳಿದರು. ಪ್ರಾಮಾಣಿಕವಾಗಿಯೇ ಕೇಳಿದರು. ಅಷ್ಟು ವರ್ಷ ಆ ಸದ್ದಿನೊಳಗೇ ಬದುಕಿ ಅದು ಸದ್ದೆಂಬುದೇ ಅವರಿಗೆ ಮರೆತಿತ್ತು. ಹೆಂಗಸರಿಗೆ ಮತ್ತೆ ಹಾಡಲು ಹೇಳಿದರು.

ಆರು ಗಂಟೆಗೆ ಕರೆಂಟು ಹೋಯಿತು.

ಯೂನಿಟ್ಟಿನಲ್ಲಿ ಜನರೇಟರ್ ಇರಲಿಲ್ಲ. ಕದಿರುಗಳ ಕೂಗು ಇಳಿಯುತ್ತಾ ಇಳಿಯುತ್ತಾ ಬಂದು ಪೂರ್ತಿ ನಿಂತಿತು. ಗೇಟಿನ ಬಳಿ ಇದ್ದವರೆಲ್ಲ ತಟ್ಟನೆ ಹಿಂದಿನ ಗಲ್ಲಿಯ ಕಡೆ ತಿರುಗಿದರು, ಯಾರೋ ಕರೆದ ಹಾಗೆ. ಮರದ ಮೇಲಿನ ಹಕ್ಕಿಗಳ ಗಲಾಟೆ ಕೇಳಿತು. ಇನ್ನೆಲ್ಲೋ ಕುಕ್ಕರ್ ಕೂಗಿದ್ದು ಕೇಳಿತು. ಆ ಹನ್ನೊಂದು ಜನ ಮಾತ್ರ ತಿರುಗಲಿಲ್ಲ. ಏನೂ ಆಗದವರಂತೆ ಪದ ಮುಂದುವರಿಸುತ್ತಿದ್ದರು. ಮೀಟರ್ ೫೩ ತೋರಿಸುತ್ತಿತ್ತು.

ರಂಗನಾಥಯ್ಯ ಮೇಷ್ಟ್ರು ಕುರ್ಚಿಯಿಂದ ಎದ್ದು ಜಗುಲಿಯ ಅಂಚಿಗೆ ಬಂದರು. 'ಹನ್ನೆರಡು ವರ್ಷದಿಂದ ಈ ಮನೇಲಿದ್ದೀನಮ್ಮ. ನಮ್ಮನೆ ಇಷ್ಟು ಶಾಂತವಾಗಿರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ' ಎಂದರು. ಆಮೇಲೆ ಜಯರಾಮಣ್ಣನ ಕಡೆ ನೋಡಿ, 'ನನ್ನ ಎದೆ ಹೊಡ್ಕೋತಿದ್ದದ್ದು ಇವರ ಹಾಡಿಗೆ ಅಂತ ನನ್ನ ಕೈಲಿ ಸಹಿ ಹಾಕ್ಸಿದ್ರಲ್ಲಪ್ಪ' ಎಂದರು. ಜಯರಾಮಣ್ಣ ಮೊಬೈಲು ತೆಗೆದು ಕರೆಂಟು ಯಾವಾಗ ಬರುತ್ತದೆಂದು ವಿಚಾರಿಸತೊಡಗಿದರು.

ಮುಂದಿನ ವಾರ ಆದೇಶ ವಾಪಸಾಯಿತು. ಬೋರ್ಡಿನ ಆ ಸಾಲಿಗೆ ನಾನೇ ನಿಂತು ಹಳದಿ ಬಣ್ಣ ಬಳಿಸಿದೆ. ನನಗೆ ಎಚ್ಚರಿಕೆ ಪತ್ರ ಬಂತು, ಸೇವಾ ಪುಸ್ತಕದಲ್ಲಿ ನಮೂದಾಯಿತು; ಅದು ನ್ಯಾಯವೇ, ಅದರ ಬಗ್ಗೆ ದೂರಿಲ್ಲ. ತಾಲ್ಲೂಕು ಆಸ್ಪತ್ರೆಯ ಕಿವಿ ಡಾಕ್ಟರ ಕೈಕಾಲು ಹಿಡಿದು ಆ ಹನ್ನೊಂದು ಜನರ ಪರೀಕ್ಷೆ ಮಾಡಿಸಿದೆ. ಒಂಬತ್ತು ಜನರ ಕಿವಿ ಕೆಟ್ಟಿತ್ತು, ವಾಪಸು ಬರುವಂಥದ್ದಲ್ಲ, ಉಳಿದಿಬ್ಬರದೂ ಮಂದವಾಗುತ್ತಿದೆ ಎಂದರು. ಆ ಒಂಬತ್ತರಲ್ಲಿ ಒಬ್ಬಳಾದ ಶಬಾನಾಗೆ ಆಗ ಇಪ್ಪತ್ತಾರು ವಯಸ್ಸು. ಆ ಚೀಟಿಗಳನ್ನೂ ೯೪ ಎಂಬ ಅಳತೆಯನ್ನೂ ಸೇರಿಸಿ, ಕಾರ್ಮಿಕರ ಕ್ಷೇಮ ನೋಡಬೇಕಾದ ಇಲಾಖೆಗೆ ಉದ್ದನೆಯ ವರದಿ ಕಳಿಸಿದೆ. ಮಿಷನ್ನುಗಳಿಗೆ ಮರೆ ಕಟ್ಟಿಸಬೇಕು, ಕಿವಿಗೆ ರಕ್ಷಣೆ ಕೊಡಿಸಬೇಕು, ಕೆಟ್ಟ ಕಿವಿಗಳಿಗೆ ಯಾರು ಹೊಣೆಯೆಂದು ತೀರ್ಮಾನಿಸಬೇಕು ಎಂದು ಬರೆದೆ. ಪ್ರತಿ ತಿಂಗಳೂ ಒಂದು ನೆನಪೋಲೆ ಹಾಕಿದೆ.

ಉತ್ತರ ಬಂದದ್ದು ನಾನು ನಿವೃತ್ತಳಾಗುವ ಹಿಂದಿನ ವಾರ. ಒಂದೇ ವಾಕ್ಯ: 'ಸ್ಥಳ ಪರಿಶೀಲಿಸಲಾಗಿ, ಸದರಿ ಘಟಕದಲ್ಲಿ ಯಾವುದೇ ರೀತಿಯ ಶಬ್ದದ ತೊಂದರೆ ಕಂಡುಬಂದಿರುವುದಿಲ್ಲ.'

ಆ ಕಾಗದ ಹಿಡಿದುಕೊಂಡೇ ಪಾರ್ಕಿಗೆ ನಡೆದೆ. ವೆಂಕಟಲಕ್ಷ್ಮಮ್ಮನ ಮುಂದೆ ಕೂತು, ಯಾರಾದರೂ ಮಿಷನ್ ನೋಡಲು ಬಂದಿದ್ದರಾ ಎಂದು ಕೇಳಿದೆ.

'ಯಾರೂ ಬರ್ಲಿಲ್ಲ ಮೇಡಂ. ಬಂದಿದ್ರೆ ನೀವು, ಆ ಮೀಟರ್ ತಂದಿದ್ದ ಸಾರು, ಅಷ್ಟೇ.'

ಕಾಗದ ಓದಿ ಹೇಳಿದೆ. ಅಲ್ಲಿ ಸದ್ದೇ ಇಲ್ಲ ಅಂತ ಬರೆದಿದ್ದಾರೆ ನೋಡಮ್ಮ ಎಂದೆ. ಅವಳು ನನ್ನ ಹಾಗೆ ಕೂಗಾಡಲಿಲ್ಲ. ಸ್ವಲ್ಪ ನಕ್ಕಳು.

'ಆವತ್ತು ಕರೆಂಟ್ ಹೋದಾಗ ಎಲ್ಲಾರೂ ತಿರುಗಿ ನೋಡಿದ್ರಂತೆ, ಮಿಷನ್ ನಿಂತೋಯ್ತು ಅಂತ. ನಮ್ಗೆ ಗೊತ್ತೇ ಆಗ್ಲಿಲ್ಲ. ನಮ್ಗೆ ಅದು ನಿಲ್ಲಲ್ಲ ಮೇಡಂ. ಮನೇಲಿ ಉಣ್ಣೋವಾಗ್ಲೂ ಇರುತ್ತೆ, ಮಗೂನ ಎತ್ಕೊಂಡ್ರೂ ಇರುತ್ತೆ, ಇಲ್ಲಿ, ತಲೆ ಒಳಗೆ, ಕುಯ್ ಅಂತ. ಹಾಡೋವಾಗ ಮಾತ್ರ ಮೇಡಂ ಅದು ಕೇಳ್ಸದೇ ಇರೋದು. ಅದಕ್ಕೇ ಜೋರಾಗಿ ಹಾಡೋದು' ಎಂದಳು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಯ ವರ್ಷದಲ್ಲಿ: ಸ್ಥಳಕ್ಕೆ ಹೋಗಬೇಕು. ಹೋದವರು ದೂರು ಕೊಟ್ಟವರ ಜಗುಲಿಯಲ್ಲಿ ನಿಂತು ಬರಬಾರದು, ದೂರು ಯಾರ ಮೇಲೋ ಅವರ ನಡುವೆ ಕೂರಬೇಕು. ನಿವೃತ್ತಳಾದ ಮರುದಿನವೇ ಆ ಒಂದು ವಾಕ್ಯದ ಉತ್ತರದ ಮೇಲೆ ಮೇಲಿನವರಿಗೆ ಅರ್ಜಿ ಬರೆದೆ. ಹೆಂಗಸರ ಹೆಸರು ಹಾಕಲಿಲ್ಲ, ಅವರ ಕೆಲಸ ಹೋಗಬಾರದು. ಮೊದಲ ಸಹಿ ನನ್ನದು, ಎರಡನೆಯದು ರಂಗನಾಥಯ್ಯ ಮೇಷ್ಟ್ರದು. ಅದು ಇವತ್ತಿಗೂ ಪರಿಶೀಲನೆಯಲ್ಲಿದೆಯಂತೆ. ಈಗ ಚಿಕ್ಕಬಳ್ಳಾಪುರದಲ್ಲಿದ್ದೇನೆ, ಅಲ್ಲಿಂದ ಬಸ್ಸು ಹತ್ತಿ ಆಗಾಗ ಆ ಪಾರ್ಕಿಗೆ ಹೋಗುತ್ತೇನೆ. ನನಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಶಬಾನಾ ಸರಿದು ಜಾಗ ಕೊಡುತ್ತಾಳೆ, ಕೂತು ನಾನೂ ಗಂಟಲು ಬಿಟ್ಟು ಹಾಡುತ್ತೇನೆ.